ಹನ್ನೊಂದನೇ ಪ್ರಶ್ನೆ

ತಾರೀಕು ೧೨, ಮಂಗಳವಾರ
ಮಧ್ಯಾಹ್ನ

ಪ್ರೀತಿಯ ಕಡ್ಡಿ,

ನಿನ್ನ ಪತ್ರ ಬಂದು ಐದು ವಾರವಾಯಿತು. ಬೈಯಬೇಡ. ಬೈಯಲೇಬೇಕಿದ್ದರೆ ಮೆಲ್ಲಗೆ ಬೈ, ಪುಟ್ಟಿ ಈಗಷ್ಟೇ ಮಲಗಿದ್ದಾಳೆ. ಈ ಐದು ವಾರದಲ್ಲಿ ಮೂರು ಸಲ 'ಪ್ರೀತಿಯ ಕಡ್ಡಿ' ಎಂದು ಬರೆದು ಅಲ್ಲಿಗೇ ನಿಲ್ಲಿಸಿದ್ದೇನೆ. ಒಂದು ಹಾಳೆಯ ಮೇಲೆ ಅವಳ ಔಷಧಿ ಚೆಲ್ಲಿತು. ಇನ್ನೊಂದರ ಹಿಂದೆ ಇವರು ಯಾವುದೋ ಲಿಫ್ಟಿನ ವೈರುಗಳ ಚಿತ್ರ ಬರೆದುಕೊಂಡು ಕೆಲಸಕ್ಕೆ ಒಯ್ದರು. ಮೂರನೆಯದು ಎಲ್ಲಿ ಹೋಯಿತೋ ಗೊತ್ತಿಲ್ಲ. ಹಾಗಾಗಿ ಇದನ್ನು ಎಲ್ಲಿಯೂ ಇಡದೆ, ತೊಡೆಯ ಮೇಲೆ ಇಟ್ಟುಕೊಂಡೇ ಬರೆಯುತ್ತಿದ್ದೇನೆ.

ಫೋನ್ ಮಾಡಬಹುದಿತ್ತು, ನಿಜ. ಆದರೆ ಫೋನಿನಲ್ಲಿ ನಾವಿಬ್ಬರೂ 'ಚೆನ್ನಾಗಿದ್ದೀನಿ, ನೀನು?' ಅಂದು ಮುಗಿಸಿಬಿಡುತ್ತೇವೆ, ಸುಳ್ಳನ್ನು ಕೈಯಲ್ಲಿ ಬರೆಯಬೇಕಾದರೆ ಬೆರಳು ನೋಯುತ್ತದೆ ಎಂದು ನೀನೇ ತಾನೇ ಹೇಳಿದ್ದು? ಅದಕ್ಕೇ ನಮ್ಮದು ಪತ್ರ. ಆ ನಿಯಮ ಮಾಡಿದ್ದಕ್ಕೆ ಈ ಸಲ ನಿನ್ನನ್ನು ಸ್ವಲ್ಪ ಶಪಿಸಿದ್ದೇನೆ.

ನೀನು ನೋಡಿಕೊಳ್ಳುವ ಹಾಸ್ಟೆಲ್ಲಿನ ಹುಡುಗಿಯರ ಕಥೆ ಓದಿ ನಕ್ಕೆ. ಜೋರಾಗಿ ನಕ್ಕಿರಬೇಕು, ಇವರು ಅಡುಗೆಮನೆಯಿಂದ ಬಂದು "ಏನಾಯ್ತು?" ಎಂದು ಗಾಬರಿಯಲ್ಲಿ ಕೇಳಿದರು. ನಾನು ನಗುವುದು ನಮ್ಮ ಮನೆಯಲ್ಲಿ ಈಗ ಹಾಗೆ ಕೇಳಿಸುತ್ತದೆ.

ನನ್ನ ಸಮಾಚಾರ ಹೇಳಬೇಕೆಂದರೆ ನಿದ್ದೆಯಿಂದಲೇ ಶುರು ಮಾಡಬೇಕು, ಅದು ಇಲ್ಲ. ಪುಟ್ಟಿಗೆ ಎಂಟು ತಿಂಗಳು ತುಂಬಿತು. ಅವಳು ಮಲಗುತ್ತಾಳೆ, ನಾನು ಮಲಗುವುದಿಲ್ಲ. ಅವಳ ಮೂಗಿನ ಕೆಳಗೆ ಬೆರಳಿಟ್ಟು ಉಸಿರು ನೋಡುತ್ತೇನೆ. ಉಸಿರಿದೆ. ಮತ್ತೆ ಐದು ನಿಮಿಷಕ್ಕೆ ನೋಡುತ್ತೇನೆ. ಹೋದ ವಾರ ಬೆಕ್ಕಿನ ಬಾಚಣಿಗೆಯಲ್ಲಿ ನನ್ನ ತಲೆ ಬಾಚಿಕೊಂಡೆ, ಟೀಗೆ ಉಪ್ಪು ಹಾಕಿದೆ, ಎದುರು ಮನೆಯ ಬೀಗಕ್ಕೆ ನಮ್ಮ ಕೀಲಿ ತುರುಕಿ ತೆಗೆಯಲು ಒದ್ದಾಡಿದೆ. ಆ ಮನೆಯವರು ಒಳಗಿನಿಂದಲೇ, "ಆಯ್ತಮ್ಮ, ನಿಮಗೆ ಬೇಕಿದ್ರೆ ತಗೊಳ್ಳಿ ಮನೇನ" ಅಂದರು.

ಎರಡು ತಿಂಗಳಿಂದ ಪುಟ್ಟಿಯ ಎದೆಯಲ್ಲಿ ಗೊರಗೊರ. ಕೆಮ್ಮು. ಕೆಮ್ಮಿ ಕೆಮ್ಮಿ ಮುಖ ಕೆಂಪಾಗಿ, ಆಮೇಲೆ ಏನೂ ಆಗದವಳ ಹಾಗೆ ನನ್ನ ನೋಡಿ ನಗುತ್ತಾಳೆ. ಡಾಕ್ಟರು ಎದೆಗೆ ಯಂತ್ರ ಇಟ್ಟು ತುಂಬ ಹೊತ್ತು ಕೇಳಿದರು. "ಮನೇಲಿ ಬೆಕ್ಕಿದೆಯಾ?" ಎಂದರು. ಎಷ್ಟು ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಕೊನೆಗೆ, "ಬೆಕ್ಕಿನ ಕೂದಲೂ ಇರಬಹುದು, ತೇವ ಹಿಡಿದ ಗೋಡೆಯೂ ಇರಬಹುದು, ಏನೂ ಇಲ್ಲದೆಯೂ ಇರಬಹುದು. ಒಂದೊಂದೇ ತೆಗೆದು ನೋಡಿ" ಅಂದರು. ಅವರು ಅಷ್ಟೇ ಹೇಳಿದ್ದು ಕಣೇ. ದಾರಿಯುದ್ದಕ್ಕೂ ಅದನ್ನೇ ನಾನು ಬೇರೆ ಬೇರೆ ಮಾಡಿ ಕೇಳಿಸಿಕೊಂಡೆ. ಮನೆ ಮುಟ್ಟುವ ಹೊತ್ತಿಗೆ 'ಇರಬಹುದು' ಎನ್ನುವುದೆಲ್ಲ ಉದುರಿಹೋಗಿ 'ಬೆಕ್ಕು' ಒಂದೇ ಉಳಿದಿತ್ತು.

ಇವರನ್ನು ಕೇಳಿದೆ. "ನಿನ್ನಿಷ್ಟ" ಅಂದರು. ಲಿಫ್ಟು ಮಧ್ಯದಲ್ಲಿ ಸಿಕ್ಕಿಹಾಕಿಕೊಂಡರೆ ಮೇಲಿನವರು ಕೆಳಗಿನವರು ಇಬ್ಬರೂ ಕೂಗುತ್ತಾರಂತೆ, ಆಗ ಯಾರಿಗೂ ಉತ್ತರ ಕೊಡದೆ ಕೆಲಸ ಮಾಡುವುದು ಇವರಿಗೆ ಅಭ್ಯಾಸ. ಮನೆಯಲ್ಲೂ ಅದೇ. ಬೈದಿದ್ದರೆ, ಹಟ ಮಾಡಿದ್ದರೆ ನಾನು ಅವರ ಮೇಲೆ ಹಾಕಿಬಿಡುತ್ತಿದ್ದೆ. ಹಾಗಾಗಿ ತೀರ್ಮಾನ ನನ್ನದೇ ಆಯಿತು: ಒಂದು ತಿಂಗಳೊಳಗೆ, ಬೀದಿಯಿಂದ ಎತ್ತಿ ತಂದ ಬೆಕ್ಕುಗಳ ಹಿಂದಿನ ಕೋಣೆ ಖಾಲಿ. ಒಂದು ಬೆಕ್ಕೂ ಇರಬಾರದು. ಹೊಸದನ್ನು ತರುವುದೂ ಇಲ್ಲ.

ಬೂದಿ ಹೇಗಿದ್ದಾಳೆ ಎಂದು ಎರಡು ಕಡೆ ಕೇಳಿದ್ದೀಯ, ಒಂದು ಕಡೆ ಅಡಿಗೆರೆ ಬೇರೆ. ನಮ್ಮ ಕಾಲೇಜು ಹಾಸ್ಟೆಲ್ಲಿನ ನೀರಿನ ತೊಟ್ಟಿಯ ಹಿಂದಿನಿಂದ ಎತ್ತಿ, ಶೂ ಡಬ್ಬಿಯಲ್ಲಿ ಬಚ್ಚಿಟ್ಟು ಸಾಕಿದ ಬೆಕ್ಕಿನ ಮರಿಯನ್ನು ನೀನು ಹೇಗೆ ಮರೆಯುತ್ತೀಯ. ಚೆನ್ನಾಗಿ ತಿನ್ನುತ್ತಾಳೆ, ಬಿಸಿಲು ಹುಡುಕಿಕೊಂಡು ಮಲಗುತ್ತಾಳೆ. ಉಳಿದದ್ದು ಆಮೇಲೆ ಬರೆಯುತ್ತೇನೆ. ಮೊದಲು ಕೋಣೆಯ ಕಥೆ ಮುಗಿಸಿಬಿಡುತ್ತೇನೆ.

ಕೊಡಬೇಕಾದದ್ದು ಮೂರು. ಸಾಹುಕಾರ ಎಂಬ ದಪ್ಪ ಬಿಳಿ ಗಂಡು, ಯಾರೋ ಮನೆ ಬದಲಾಯಿಸುವಾಗ ಸಾಮಾನಿನ ಜೊತೆ ಇವನನ್ನು ಹತ್ತಿಸಲು ಮರೆತಿದ್ದರು. ಪೇಪರ್ ಎಂಬ ಕಪ್ಪು ಹೆಣ್ಣು, ಮುದ್ರಣಾಲಯದ ಹಿಂದೆ ರದ್ದಿ ಕಾಗದದ ಕಟ್ಟುಗಳ ನಡುವೆ ಸಿಕ್ಕಿದ್ದು. ಮೂರನೆಯದು ವಯಸ್ಸಾದ ಒಂದು ಹೆಣ್ಣು. ಅದನ್ನು ಮುದುಕಿ ಅಂತಲೇ ಕರೆಯೋಣ.

ಅಂಗಡಿಯ ಬೋರ್ಡಿನ ಮೇಲೆ, ಪ್ರಾಣಿಗಳ ಡಾಕ್ಟರ ಬಾಗಿಲಿನ ಮೇಲೆ ಚೀಟಿ ಅಂಟಿಸಿದೆ. ಬೆಕ್ಕು ಕೇಳಿ ಬಂದವರಿಗೆ ಹಾಕುವ ನಮ್ಮ ಪ್ರಶ್ನೆ ಹಾಳೆಯನ್ನು ಹೊರಗೆ ತೆಗೆದೆ. ಇಪ್ಪತ್ತೆರಡು ಪ್ರಶ್ನೆ, ಕಾಲೇಜಿನ ಲೈಬ್ರರಿಯಲ್ಲಿ ಕೂತು ನಾವಿಬ್ಬರೂ ಜಗಳವಾಡಿಕೊಂಡು ಬರೆದದ್ದು, ಅದೇ ಇವತ್ತಿಗೂ ನಡೆಯುತ್ತಿದೆ. ಕಿಟಕಿಗೆ ಜಾಲರಿ ಇದೆಯಾ, ಊರಿಗೆ ಹೋದರೆ ಯಾರು ನೋಡಿಕೊಳ್ಳುತ್ತಾರೆ, ಹಿಂದೆ ಸಾಕಿದ ಪ್ರಾಣಿ ಈಗ ಎಲ್ಲಿದೆ. ಕೇಳಿ, ಅವರ ಮನೆಗೆ ಹೋಗಿ ನೋಡಿ, ಆಮೇಲೆ ಬೆಕ್ಕು. ಹದಿನೈದು ದಿನದೊಳಗೆ ಅವರಿಗೆ ಹೊಂದಲಿಲ್ಲವೆಂದರೆ ವಾಪಸ್ ತರಬಹುದು. ಮೂರು ತಿಂಗಳು ಪ್ರತಿ ಭಾನುವಾರ ಒಂದು ಫೋಟೋ ಕಳಿಸಬೇಕು.

ಹನ್ನೊಂದನೆಯದು ನನ್ನದು, ನೆನಪಿದೆಯಾ? 'ಮನೆಯಲ್ಲಿ ಮಗು ಹುಟ್ಟಿದರೆ ಬೆಕ್ಕನ್ನು ಏನು ಮಾಡುತ್ತೀರಿ?' ನೀನು ಬೇಡ ಅಂದಿದ್ದೆ. "ಇದಕ್ಕೆ ಯಾರೇ ಪುಣ್ಯಾತ್ಮರು ನಿಜ ಹೇಳ್ತಾರೆ?" ಅಂದಿದ್ದೆ. ನಾನು ಇರಲೇಬೇಕು ಎಂದು ಹಟ ಮಾಡಿದೆ. ಆಗ ನನಗೆ ಇಪ್ಪತ್ತು ವರ್ಷ, ಎಲ್ಲದಕ್ಕೂ ನನ್ನ ಹತ್ತಿರ ಸರಿಯುತ್ತರ ಇತ್ತು.

ಎದ್ದಳು. ನಿಲ್ಲಿಸುತ್ತೇನೆ.

ಗುರುವಾರ, ಮಧ್ಯಾಹ್ನ

ಎಲ್ಲಿದ್ದೆ? ಹೌದು, ಚೀಟಿ.

ಬಂದವರ ಪಟ್ಟಿ ಕೊಟ್ಟರೆ ನಿನ್ನ ಹಾಸ್ಟೆಲ್ ಹುಡುಗಿಯರೇ ವಾಸಿ ಅನ್ನುತ್ತೀಯ. ಗೋದಾಮಿನವರೊಬ್ಬರು ಫೋನ್ ಮಾಡಿ, "ದಿನಕ್ಕೆ ಎಷ್ಟು ಇಲಿ ಹಿಡಿಯುತ್ತೆ?" ಎಂದರು. ಲೆಕ್ಕ ಇಟ್ಟಿಲ್ಲ ಎಂದೆ. "ಕೆಲಸಕ್ಕೆ ಸೇರಿಸ್ಕೊಳ್ಳೋ ಮುಂಚೆ ಕೇಳಬೇಕಲ್ವಾ" ಅಂದರು. ಒಬ್ಬ ಹೆಂಗಸು ಸೋಫಾದ ಬಟ್ಟೆಯ ತುಂಡು ಹಿಡಿದುಕೊಂಡು ಬಂದಿದ್ದರು. ಸಾಹುಕಾರನ ಬೆನ್ನಿಗೆ ಅದನ್ನು ಇಟ್ಟು ನೋಡಿ, "ಸ್ವಲ್ಪ ಹಳದಿ ಹೊಡೆಯುತ್ತಲ್ಲ" ಎಂದು ಮುಖ ಸಿಂಡರಿಸಿದರು. ಸಾಹುಕಾರ ಆ ತುಂಡಿನ ಮೇಲೆ ಕೂತುಬಿಟ್ಟ, ಎಬ್ಬಿಸಲು ಇಬ್ಬರು ಬೇಕಾಯಿತು. ಇನ್ನೊಬ್ಬರು ಮಗಳ ಹುಟ್ಟುಹಬ್ಬಕ್ಕೆ ಅಚ್ಚರಿಯ ಉಡುಗೊರೆಯಾಗಿ ಬೇಕು ಎಂದರು, ರಿಬ್ಬನ್ ಅವರೇ ತರುತ್ತಾರಂತೆ. "ಮಗಳಿಗೆ ಬೆಕ್ಕು ಅಂದ್ರೆ ಇಷ್ಟನಾ?" ಎಂದು ಕೇಳಿದೆ. "ಗೊತ್ತಿಲ್ಲ, ಅದೇ ಅಚ್ಚರಿ" ಅಂದರು.

ಇವರನ್ನೆಲ್ಲ ಬೇಡ ಅನ್ನುವುದು ಸುಲಭ. ಕಷ್ಟವಾಗುವುದು ಎಲ್ಲ ಸರಿಯಾಗಿರುವವರ ಹತ್ತಿರ. ಕಾಲೇಜಿನಲ್ಲಿ ಪಾಠ ಮಾಡುವ ಗಂಡ, ಹೆಂಡತಿ ಬಂದರು. ಇಪ್ಪತ್ತೆರಡಕ್ಕೂ ಉತ್ತರ ಸರಿ. ಹನ್ನೊಂದನೆಯದಕ್ಕೆ ಆಕೆ, "ಅದೂ ನಮ್ಮ ಮಗುವೇ ಅಲ್ವಾ? ಇಬ್ಬರೂ ಒಟ್ಟಿಗೆ ಬೆಳೀತಾರೆ" ಅಂದರು. ನನ್ನ ಕಣ್ಣಲ್ಲಿ ನೀರು ಬಂತು. ಕಿಟಕಿಗೆಲ್ಲ ಜಾಲರಿ, ಮನೆಯಲ್ಲಿ ಒಂದು ಧೂಳಿನ ಕಣ ಇಲ್ಲ. ಸಾಹುಕಾರನನ್ನು ಕೊಟ್ಟು ಬಂದು ಇವರಿಗೆ, "ನೂರಕ್ಕೆ ನೂರು ರೀ" ಎಂದೆ. ಇವರು, "ಅಷ್ಟು ಬಂದ್ರೆ ಕಾಪಿ ಹೊಡೆದಿರ್ತಾರೆ" ಎಂದರು.

ಒಂಬತ್ತನೇ ದಿನ ಬೆಳಿಗ್ಗೆ ಬಾಗಿಲು ತೆಗೆದರೆ ಮೆಟ್ಟಿಲ ಮೇಲೆ ಬುಟ್ಟಿ, ಬುಟ್ಟಿಯಲ್ಲಿ ಸಾಹುಕಾರ, ಅವನ ಕೊರಳಿಗೆ ಚೀಟಿ. 'ಕೂದಲು ಬಹಳ ಉದುರುತ್ತದೆ. ಕ್ಷಮಿಸಿ.' ಬೆಲ್ ಕೂಡ ಒತ್ತಿರಲಿಲ್ಲ. ಬೆಕ್ಕಿಗೆ ಕೂದಲಿರುತ್ತದೆ ಎನ್ನುವುದನ್ನು ಇಪ್ಪತ್ಮೂರನೇ ಪ್ರಶ್ನೆಯಾಗಿ ಸೇರಿಸಬೇಕೇನೋ. ಸಿಟ್ಟು ಬರಬೇಕಿತ್ತು ಕಣೇ. ಬರಲಿಲ್ಲ. ಮೆಟ್ಟಿಲ ಮೇಲೆ ಕೂತೆ, ಅವನು ತೊಡೆ ಹತ್ತಿದ, ಅಲ್ಲೇ ಇಬ್ಬರೂ ತೂಕಡಿಸಿದೆವು. ಒಳಗಿನಿಂದ ಪುಟ್ಟಿಯ ಕೆಮ್ಮು ಕೇಳಿಸಿದ ಮೇಲೇ ನಾನು ಎದ್ದದ್ದು. ಎದ್ದವಳು ಅಂಗಿ ಬದಲಾಯಿಸಿ, ಮೊಣಕೈವರೆಗೂ ಕೈ ತೊಳೆದು, ಆಮೇಲೆ ಅವಳನ್ನು ಎತ್ತಿಕೊಂಡೆ. ಅಷ್ಟು ಹೊತ್ತು ಅವಳು ಅಳುತ್ತಲೇ ಇದ್ದಳು.

ಕೊನೆಗೆ ಸಾಹುಕಾರನನ್ನು ತೆಗೆದುಕೊಂಡವರು ನಮ್ಮ ಬೀದಿಯ ಕ್ಷೌರಿಕರು. ಅವರಿಗೆ ಹಾಳೆ ಓದುವಷ್ಟು ಪುರುಸೊತ್ತೂ ಇರಲಿಲ್ಲ. "ಕೂದಲು ಉದುರುತ್ತೆ" ಎಂದು ಮೊದಲೇ ಹೇಳಿಬಿಟ್ಟೆ. ಅವರು ಅಂಗಡಿಯ ನೆಲ ತೋರಿಸಿ, "ನಮ್ಮಲ್ಲಿ ಎಲ್ಲರದೂ ಉದುರುತ್ತೆ" ಅಂದರು. ಈಗ ಕನ್ನಡಿಯ ಮುಂದಿನ ಎರಡನೇ ಕುರ್ಚಿ ಅವನದು. ಗಿರಾಕಿಗಳು ಅವನು ಏಳಲಿ ಎಂದು ಕಾಯುತ್ತಾರಂತೆ.

ಪೇಪರಿನದು ನಗುವ ಕಥೆ, ನನಗೆ ಮಾತ್ರ ನಗು ಬರುವುದಿಲ್ಲ. ಎರಡು ತಿಂಗಳು ನಮ್ಮ ಬೀರುವಿನ ಕೆಳಗೇ ಇದ್ದಳು. ಯಾರು ಬಂದರೂ ಹೊರಗೆ ಬರಲಿಲ್ಲ, ಬಂದವರಿಗೆ ಎರಡು ಹಸಿರು ಕಣ್ಣು ಬಿಟ್ಟರೆ ಏನೂ ಕಾಣಲಿಲ್ಲ. "ಇದು ಬೆಕ್ಕೇ ತಾನೇ?" ಎಂದು ಒಬ್ಬರು ಕೇಳಿದರು. ಒಂದು ದಿನ ಚೀಟಿ ಅಂಟಿಸಲು ಮುದ್ರಣಾಲಯಕ್ಕೂ ಹೋದೆ. ಅಕ್ಷರ ಜೋಡಿಸುವ ಅಜ್ಜ ಕನ್ನಡಕ ಮೇಲೆತ್ತಿ ಫೋಟೋ ನೋಡಿದರು. "ಅಯ್ಯೋ, ಇದು ನಮ್ಮ ಮಸಿ ಅಲ್ವೇನಮ್ಮಾ! ಎರಡು ತಿಂಗಳಿಂದ ಹುಡುಕ್ತಿದ್ದೀವಿ!" ಎಂದರು. ಒಳಗಿನಿಂದ ನಾಲ್ಕು ಜನ ಬಂದರು. ಅವಳ ತಟ್ಟೆ ಇನ್ನೂ ಯಂತ್ರದ ಪಕ್ಕದಲ್ಲೇ ಇತ್ತು, ತೊಳೆದು ಇಟ್ಟದ್ದು. ನಾನು ರಕ್ಷಿಸಿದ್ದಲ್ಲ ಕಣೇ, ಕದ್ದದ್ದು. ನಿದ್ದೆಗೆಟ್ಟ ಕಣ್ಣಿಗೆ ಎಲ್ಲ ಬೆಕ್ಕೂ ಅನಾಥವಾಗಿಯೇ ಕಾಣುತ್ತದೆ. ವಾಪಸ್ ಬಿಟ್ಟ ಕೂಡಲೇ ಮಸಿ ಕಾಗದದ ಕಟ್ಟಿನ ಮೇಲೆ ಹತ್ತಿ, ಬೆನ್ನು ತಿರುಗಿಸಿ ಕೂತಳು. ಅಜ್ಜ, "ತಪ್ಪು ತಿಳ್ಕೋಬೇಡಿ, ಅವಳಿಗೆ ಸ್ವಲ್ಪ ಕೋಪ" ಎಂದು ನನಗೆ ಸಮಾಧಾನ ಹೇಳಿದರು.

ಉಳಿದದ್ದು ಮುದುಕಿ.

ಮುದಿ ಬೆಕ್ಕು ಯಾರಿಗೂ ಬೇಡ. "ಎಷ್ಟು ದಿನ ಇರುತ್ತೆ?" ಎಂದು ಹಾಲಿನ ಪಾಕೆಟ್ ಬಗ್ಗೆ ಕೇಳುವ ಹಾಗೆ ಕೇಳುತ್ತಾರೆ. ಹನ್ನೊಂದು ಜನ ಫೋನ್ ಮಾಡಿದರು, ವಯಸ್ಸು ಕೇಳಿ ಹನ್ನೊಂದು ಜನವೂ ಇಟ್ಟರು. ಹನ್ನೆರಡನೆಯವಳು ಒಬ್ಬ ದರ್ಜಿ. "ವಯಸ್ಸಾಗಿದೆ ಅಂತ ಬರೆದಿದ್ದೀರಲ್ಲ, ನಂಗೆ ಅಂಥದ್ದೇ ಬೇಕು. ಮರಿ ಬಂದ್ರೆ ನನ್ನ ದಾರದ ಉಂಡೆ ಒಂದೂ ಉಳಿಯಲ್ಲ, ಸೂಜಿ ಬೇರೆ. ಸುಮ್ನೆ ಕೂತು ನೋಡೋ ಜೀವ ಬೇಕು ನಂಗೆ" ಅಂದಳು. ಆ ಧ್ವನಿಯನ್ನು ಎಲ್ಲೋ ಕೇಳಿದ್ದೇನೆ ಅನ್ನಿಸಿತು. ಎಲ್ಲಿ ಎನ್ನುವುದು ತಲೆಗೆ ಹೊಳೆಯಲಿಲ್ಲ.

ಹೋದ ಮಂಗಳವಾರ ಇವರಿಗೆ ರಜೆ. ಪುಟ್ಟಿಯನ್ನು ಇವರ ಹತ್ತಿರ ಬಿಟ್ಟು, ಮುದುಕಿಯನ್ನು ಬುಟ್ಟಿಯಲ್ಲಿ ಇಟ್ಟುಕೊಂಡು, ಹಾಳೆ ಹಿಡಿದು ಹೋದೆ. ಮೊದಲು ಮನೆ ನೋಡಿ, ಇನ್ನೊಂದು ದಿನ ಬೆಕ್ಕು ಒಯ್ಯುವುದು ನಮ್ಮ ಪದ್ಧತಿ. ಎರಡು ಸಲ ಹೋಗುವ ಶಕ್ತಿ ನನಗಿರಲಿಲ್ಲ. ಬೇಕರಿ ಮಹಡಿಯ ಮೇಲೆ ಒಂದು ಕೋಣೆ, ಕಿಟಕಿಯ ಪಕ್ಕ ಹೊಲಿಗೆ ಯಂತ್ರ, ಗೋಡೆಯುದ್ದಕ್ಕೂ ಅರ್ಧ ಹೊಲಿದ ಅಂಗಿಗಳು, ನೆಲದ ಮೇಲೆ ಕತ್ತರಿಸಿದ ಚೂರುಗಳ ರಾಶಿ. ಬೇಕರಿಯ ಒಲೆಯಿಂದ ನೆಲವೆಲ್ಲ ಬೆಚ್ಚಗೆ. ಬಾಗಿಲು ತೆಗೆದವಳು ನನ್ನನ್ನು ನೋಡಿ, ಬಾಯಲ್ಲಿದ್ದ ಗುಂಡುಪಿನ್ನುಗಳನ್ನು ಒಂದೊಂದಾಗಿ ತೆಗೆದು ತೋಳಿಗೆ ಚುಚ್ಚಿಕೊಂಡು, "ಓಹೋ, ಪರೀಕ್ಷೆ ಮೇಡಮ್ಮು!" ಅಂದಳು.

ಆಗ ನೆನಪಾಯಿತು. ಎರಡು ವರ್ಷದ ಹಿಂದೆ ನಾನು ಫೇಲ್ ಮಾಡಿದ ಹೆಂಗಸು. ಆಗ ಏಳು ತಿಂಗಳ ಬಸುರಿ. ಹತ್ತು ಪ್ರಶ್ನೆಗೂ ಚೆನ್ನಾಗಿ ಉತ್ತರ ಕೊಟ್ಟು, ಹನ್ನೊಂದನೆಯದಕ್ಕೆ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, "ಗೊತ್ತಿಲ್ಲಮ್ಮ. ಆಗ ನೋಡ್ಬೇಕು" ಅಂದಿದ್ದಳು. ನಾನು ಅವಳ ಮುಂದೆಯೇ ಅಡ್ಡಗೆರೆ ಎಳೆದಿದ್ದೆ. ನೆನಪಿರುವ ಮಟ್ಟಿಗೆ ಒಂದು ಭಾಷಣವನ್ನೂ ಬಿಗಿದಿದ್ದೆ.

ವಾಪಸ್ ಹೋಗಿಬಿಡೋಣ ಅನ್ನಿಸಿತು. ಅವಳು ಸ್ಟೂಲಿನ ಮೇಲಿದ್ದ ಬಟ್ಟೆ ಸರಿಸಿ ಕೂರಿಸಿದಳು. ಅವಳ ಮಗಳು, ಈಗ ಎರಡು ವರ್ಷದವಳು, ಮೇಜಿನ ಕೆಳಗೆ ಕೂತು ಗುಂಡಿಗಳನ್ನು ಬಟ್ಟಲಿಗೆ ಹಾಕಿ ತೆಗೆಯುತ್ತಿದ್ದಳು. "ಕೇಳಿ ಮೇಡಮ್, ಈ ಸಲ ಓದ್ಕೊಂಡಿದ್ದೀನಿ" ಅಂದಳು. ಕೇಳಿದೆ. ಹತ್ತರಿಂದ ಹನ್ನೆರಡಕ್ಕೆ ಹಾರಿದೆ.

"ಹನ್ನೊಂದು ನುಂಗಿಬಿಟ್ರಿ" ಅಂದಳು.

"ನಿಮಗೆ ಮಗು ಆಯ್ತಲ್ಲ, ಬೇಡ."

"ಇನ್ನೊಂದು ಆದ್ರೆ?" ನಕ್ಕಳು. "ಕೇಳಿದ್ರೂ ನಂದು ಅದೇ ಉತ್ತರ. ಗೊತ್ತಿಲ್ಲ. ಹುಟ್ಟೋದು ಹೆಂಗಿರುತ್ತೋ, ಹೆತ್ತವಳು ಹೆಂಗಿರ್ತಾಳೋ, ಮುಂಚೇನೇ ಯಾರು ಅಳತೆ ತೆಗೀತಾರೆ? ನೀವೇ ಹೇಳಿ ಮೇಡಮ್. ನಿಮಗೇ ಮಗು ಆದ್ರೆ ಏನ್ಮಾಡ್ತೀರಿ?"

ನಾನು ಕುಡಿಯಲು ನೀರು ಕೇಳಿದೆ.

ಮುದುಕಿ ಅಷ್ಟರಲ್ಲಿ ಬುಟ್ಟಿಯಿಂದ ಇಳಿದು, ಕೋಣೆಯನ್ನು ಒಂದು ಸುತ್ತು ಹಾಕಿ, ಬಟ್ಟೆ ಚೂರುಗಳ ರಾಶಿಯನ್ನು ಕಾಲಿನಲ್ಲಿ ಒತ್ತಿ ಒತ್ತಿ ನೋಡುತ್ತಿದ್ದಳು. ಮಗು ಒಂದು ಗುಂಡಿ ಅವಳ ಮುಂದೆ ಇಟ್ಟಿತು. ಮುದುಕಿ ಮೂಸಿ, ಬಿಟ್ಟಳು. ಮಗು ಇನ್ನೊಂದು ಇಟ್ಟಿತು. ದರ್ಜಿ ಮಾತಾಡುತ್ತ ಮಾತಾಡುತ್ತಲೇ ನೆಲದ ಮೇಲೆ ಬಿದ್ದಿದ್ದ ಕತ್ತರಿಯನ್ನು ಕಾಲಿನಿಂದ ಮೆಲ್ಲಗೆ ದೂರ ತಳ್ಳಿದಳು, ಮಗುವಿನಿಂದಲೂ, ಬೆಕ್ಕಿನಿಂದಲೂ. ಇಪ್ಪತ್ತೆರಡರಲ್ಲಿ ಯಾವ ಪ್ರಶ್ನೆ ಕೇಳಿದ್ದರೂ ನನಗೆ ಅದು ಗೊತ್ತಾಗುತ್ತಿರಲಿಲ್ಲ.

ಕೊಟ್ಟು ಬಂದೆ. ಮೊನ್ನೆ ಭಾನುವಾರ ಮೊದಲ ಫೋಟೋ ಬಂತು. ಮುದುಕಿ ಯಂತ್ರದ ಪಕ್ಕದ ಬಿಸಿಲಲ್ಲಿ ಮಲಗಿದ್ದಾಳೆ, ಮೈಮೇಲೆ ಸಾಲಾಗಿ ನಾಲ್ಕು ಗುಂಡಿ.

ಕೋಣೆ ಖಾಲಿ. ತಿಂಗಳು ಮುಗಿಯುವ ಮುಂಚೆಯೇ. ಗುಡಿಸಿ, ಒರೆಸಿ, ಬಾಗಿಲು ತೆಗೆದಿಟ್ಟಿದ್ದೇನೆ. ಗೆದ್ದೆ ಅನ್ನಿಸುತ್ತದೆ ಅಂದುಕೊಂಡಿದ್ದೆ. ಸುಸ್ತು ಬಿಟ್ಟರೆ ಏನೂ ಅನ್ನಿಸುತ್ತಿಲ್ಲ. ಅಭ್ಯಾಸದ ಮೇಲೆ ಬೆಳಿಗ್ಗೆ ತಟ್ಟೆಗಳನ್ನು ತೊಳೆದು ಸಾಲಾಗಿ ಇಡುತ್ತೇನೆ, ಆಮೇಲೆ ತೆಗೆದು ಒಳಗಿಡುತ್ತೇನೆ.

ಇಲ್ಲಿಗೆ ಮುಗಿಸುತ್ತೇನೆ, ಪೆನ್ನು ಕೈಯಿಂದ ಜಾರುತ್ತಿದೆ. ನಿನ್ನ ಬೆನ್ನು ನೋವಿಗೆ ಡಾಕ್ಟರನ್ನು ನೋಡು, ನಾಳೆ ನಾಳೆ ಅನ್ನಬೇಡ. ಬಿಸಿ ಬಿಸಿ ಊಟ ಮಾಡು, ಹುಡುಗಿಯರೆಲ್ಲ ಉಂಡ ಮೇಲೆ ತಳದ್ದು ಕೆರೆದುಕೊಂಡು ಉಣ್ಣಬೇಡ. ನಿನಗೆ ಒಳ್ಳೆಯದಾಗಲಿ, ನನ್ನ ಪಾಲಿನ ನಿದ್ದೆಯೂ ನಿನಗೇ ಬರಲಿ. ಪುಟ್ಟಿ ನಿನಗೆ ತನ್ನ ಎರಡು ಹಲ್ಲು ತೋರಿಸಿದ್ದಾಳೆ ಅಂದುಕೋ.

ನಿನ್ನ
ಗೊಣಗಮ್ಮ

ಭಾನುವಾರ, ಸಂಜೆ

ಮರೆತ ಮಾತು: ಅಂಚೆಗೆ ಹಾಕಿಲ್ಲ. ಎರಡು ದಿನ ಲಕೋಟೆ ಅಂಟಿಸಿ, ಮತ್ತೆ ಬಿಚ್ಚಿದೆ. ಮರೆತದ್ದು ಏನೂ ಇಲ್ಲ ಕಣೇ, ಬರೆಯದೆ ಬಿಟ್ಟದ್ದು ಇದೆ.

ಮುದುಕಿ ಅಂದರೆ ಬೂದಿ.

ಬೇರೆ ಎಲ್ಲಿಂದಲೋ ಸಿಕ್ಕಿದವಳಲ್ಲ. ನಮ್ಮ ಬೂದಿ. ಚೀಟಿಯಲ್ಲಿ ಅವಳ ಹೆಸರು ಬರೆಯಲು ಆಗಲಿಲ್ಲ, ನಿನಗೆ ಬರೆಯುವಾಗಲೂ ಆಗಲಿಲ್ಲ. ನೀನು ಕೆಲಸಕ್ಕೆ ಹೊರಟ ದಿನ ಶೂ ಡಬ್ಬಿಯ ಸಮೇತ ನನ್ನ ಕೈಗೆ ಕೊಟ್ಟು, "ನಾನು ಬಂದಾಗ ಇವಳು ನನ್ನ ಗುರುತು ಹಿಡೀಬೇಕು" ಅಂದಿದ್ದೆ. ಒಂಬತ್ತು ವರ್ಷ. ನನ್ನ ಕಾಲ ಮೇಲೆ ತಲೆಯಿಟ್ಟು ಮಲಗಿದವಳು. ಪುಟ್ಟಿ ಹೊಟ್ಟೆಯಲ್ಲಿದ್ದಾಗ ಹೊಟ್ಟೆಗೆ ಬೆನ್ನು ಒತ್ತಿಕೊಂಡು ಮಲಗುತ್ತಿದ್ದಳು, ಒಳಗಿನಿಂದ ಒದ್ದರೆ ಎದ್ದು ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದಳು. ಒಂದು ಬೆಳಿಗ್ಗೆ ತೊಟ್ಟಿಲಲ್ಲಿ ಪುಟ್ಟಿಯ ಕಾಲ ಹತ್ತಿರ ಸುರುಳಿ ಸುತ್ತಿ ಮಲಗಿದ್ದಳು. ಪುಟ್ಟಿ ಅವತ್ತು ಕೆಮ್ಮಿರಲಿಲ್ಲ. ಆದರೂ ನಾನು ಕಿರುಚಿದೆ. ಬೂದಿಯ ಮೇಲೆ ನಾನು ಕಿರುಚಿದ್ದು ಅದೇ ಮೊದಲು. ಆಮೇಲೆ ಅವಳು ಆ ಕೋಣೆಯ ಹೊಸ್ತಿಲು ದಾಟಲಿಲ್ಲ. ಹೊಸ್ತಿಲ ಈಚೆ ಕೂತು ನೋಡುತ್ತಿದ್ದಳು.

ನೀರು ಕುಡಿದ ಮೇಲೆ ದರ್ಜಿಗೆ ಏನು ಉತ್ತರ ಕೊಟ್ಟೆ ಎಂದು ಬರೆಯಲಿಲ್ಲವಲ್ಲ. "ನನಗೆ ಮಕ್ಕಳಿಲ್ಲ" ಅಂದೆ. ಬೆಕ್ಕು ಯಾರದ್ದು ಎಂದು ಕೇಳಿದಳು. "ಬೀದಿಯದು, ತಿಂಗಳ ಹಿಂದೆ ಸಿಕ್ಕಿತು" ಅಂದೆ. ಒಂದೇ ಮಧ್ಯಾಹ್ನ, ಒಂದೇ ಸ್ಟೂಲಿನ ಮೇಲೆ ಕೂತು ಇಬ್ಬರನ್ನೂ ಇಲ್ಲ ಅಂದೆ. ಹೊರಡುವಾಗ ಬೂದಿ ನನ್ನ ಹಿಂದೆಯೇ ಬಾಗಿಲವರೆಗೂ ಬಂದಳು. "ನೋಡಿ, ತಿಂಗಳಿಗೇ ಎಷ್ಟು ಹಚ್ಕೊಂಡಿದೆ" ಎಂದಳು ದರ್ಜಿ. ಅವಳೇ ಎತ್ತಿಕೊಂಡು ಒಳಗೆ ಹೋದಳು. ನಾನು ಮೆಟ್ಟಿಲಿಳಿದೆ.

ಹನ್ನೆರಡು ದಿನವಾಯಿತು. ಪುಟ್ಟಿಯ ಕೆಮ್ಮು ಒಂದು ಚೂರೂ ಕಡಿಮೆಯಾಗಿಲ್ಲ. ಇವರು ನಿನ್ನೆ ಬೀರುವನ್ನು ಪಕ್ಕಕ್ಕೆ ಸರಿಸಿದರು. ಅದರ ಹಿಂದೆ ಗೋಡೆಯುದ್ದಕ್ಕೂ ಕಪ್ಪು ಬೂಷ್ಟು. ಈಗ ಕೆರೆಯುತ್ತಿದ್ದಾರೆ. ನಾವು ಪಕ್ಕದ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದೇವೆ, ಆ ಸದ್ದು ಕೇಳುತ್ತಲೇ ಬರೆಯುತ್ತಿದ್ದೇನೆ. 'ಒಂದೊಂದೇ ತೆಗೆದು ನೋಡಿ' ಅಂದಿದ್ದರು ಡಾಕ್ಟರು. ಗೋಡೆ ಎಲ್ಲಿಗೂ ಓಡಿಹೋಗುತ್ತಿರಲಿಲ್ಲ. ನಾನು ಮೊದಲು ತೆಗೆದದ್ದು ಅವಳನ್ನು.

ಹದಿನೈದು ದಿನದಲ್ಲಿ ಮೂರು ಉಳಿದಿವೆ. ಹೊಂದಲಿಲ್ಲ ಎಂದು ದರ್ಜಿ ವಾಪಸ್ ತಂದುಬಿಡಲಿ ಅನ್ನಿಸುತ್ತದೆ. ತಂದರೆ ಬೂದಿ ಇನ್ನೊಂದು ಸಲ ಬೇಡವಾದ ಹಾಗಲ್ಲವಾ, ತರದಿರಲಿ ಅಂತಲೂ ಅನ್ನಿಸುತ್ತದೆ. ವಾಪಸ್ ಕೊಡುವ ಹಕ್ಕು ಅವಳಿಗಿದೆ, ವಾಪಸ್ ಕೇಳುವ ಹಕ್ಕು ನನಗಿಲ್ಲ. ನಿಯಮ ಬರೆದವರು ನಾವೇ.

ಶುಕ್ರವಾರ ದರ್ಜಿಯ ಸಂದೇಶ ಬಂತು. 'ಮೇಡಮ್, ತಿನ್ನುತ್ತೆ, ಆಡುತ್ತೆ. ಸಂಜೆ ಮಾತ್ರ ಬಾಗಿಲ ಹತ್ತಿರ ಕೂತು ಕಾಯುತ್ತೆ. ಬೀದಿ ಬೆಕ್ಕು ಹೀಗೆ ಕಾಯಲ್ಲ. ಮುಂಚೆ ಯಾರ ಮನೇಲಿತ್ತು ಅಂತ ಗೊತ್ತಾದ್ರೆ ಅವರ ಒಂದು ಹಳೇ ಬಟ್ಟೆ ಇಸ್ಕೊಡಿ. ಹಾಸಿದ್ರೆ ಸಮಾಧಾನ ಆಗುತ್ತೆ.'

ಎಷ್ಟು ಯೋಚಿಸಿದೆ ಗೊತ್ತಾ. ಕೊನೆಗೆ ಇವರ ಆ ಹಳೇ ನೀಲಿ ಅಂಗಿ ತೆಗೆದುಕೊಂಡೆ, ಮನೆಯಲ್ಲಿ ನಾನು ಹಾಕಿಕೊಳ್ಳುವುದು ಅದನ್ನೇ. ಗಂಡಸರ ಅಂಗಿಯಲ್ಲವಾ, ಯಾರಿಗೆ ಏನು ತಿಳಿಯುತ್ತದೆ ಅಂದುಕೊಂಡೆ. ಒಗೆದರೆ ವಾಸನೆ ಹೋಗುತ್ತದೆ ಎಂದು ಒಗೆಯಲಿಲ್ಲ. ಇವತ್ತು ಬೆಳಿಗ್ಗೆ ಬೇಕರಿಯವರ ಕೈಯಲ್ಲಿ ಕೊಟ್ಟು, ಮಹಡಿ ಹತ್ತದೆ ಬಂದೆ. ಹತ್ತಿದ್ದರೆ ಬರಿಗೈಯಲ್ಲಿ ಇಳಿಯುತ್ತಿರಲಿಲ್ಲ.

ಈಗ, ಅರ್ಧ ಗಂಟೆಯ ಹಿಂದೆ, ಭಾನುವಾರದ ಫೋಟೋ ಬಂತು. ಯಂತ್ರದ ಕೆಳಗೆ ನೀಲಿ ಅಂಗಿ, ಅಂಗಿಯ ತೋಳಿನೊಳಗೆ ತಲೆ ತೂರಿಸಿ ಬೂದಿ ನಿದ್ದೆ ಹೋಗಿದ್ದಾಳೆ. ಬೆನ್ನಷ್ಟೇ ಕಾಣುತ್ತದೆ. ಅದರ ಕೆಳಗೆ ದರ್ಜಿ ಬರೆದಿದ್ದಾಳೆ:

'ಬಟ್ಟೆ ನೋಡೋದೇ ನನ್ನ ಕಸುಬು ಮೇಡಮ್. ಗಂಡಸರ ಅಂಗಿ, ಆದ್ರೆ ಎದೆಯ ಎರಡೂ ಕಡೆ ಹಾಲಿನ ಕಲೆ. ಎಡಗಡೆ ಭುಜದ ಮೇಲೆ ಮಗು ಕಕ್ಕಿದ್ದು. ಮೇಲಿನ ಎರಡು ಗುಂಡಿ ಎಳೆದು ಎಳೆದು ಸಡಿಲಾಗಿದ್ವು, ಬಿಗಿ ಮಾಡಿ ಹೊಲಿದಿದ್ದೀನಿ. ನಿಮಗೆ ಎಷ್ಟು ತಿಂಗಳ ಮಗು?'

ಪುಟ್ಟಿ ತೊಡೆಯ ಮೇಲೆ ಕೂತು ಫೋಟೋದಲ್ಲಿರುವ ಆ ಬೆನ್ನನ್ನು ಬೆರಳಲ್ಲಿ ತಟ್ಟುತ್ತಿದ್ದಾಳೆ.